ನೂರಾ ಹನ್ನೆರಡನೇ ಪುಟ

ದಾವಣಗೆರೆಯ ನಿಟ್ಟುವಳ್ಳಿಯ ಆ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬರು ಹಸ್ತಪ್ರತಿಯನ್ನು ಕಾಮಾ, ಪೂರ್ಣವಿರಾಮ ಸಮೇತ ಜೋರಾಗಿ ಓದಬೇಕು. ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಅಕ್ಷರ ನೋಡಿ, ಅರ್ಥಕ್ಕೆ ಹೋಗಬೇಡಿ ಎಂಬುದು ಮಾಲೀಕ ಹಿದಾಯತ್ ಕಲಿಸಿದ ಪಾಠ. ಅರ್ಥದ ಬೆನ್ನು ಹತ್ತಿದರೆ ಕಣ್ಣು ತಪ್ಪುಗಳನ್ನು ಹಾರಿಸಿಬಿಡುತ್ತದೆ. ವಾಣಿ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಮೂರು ವಾರ ಕೂತು ಆ ಪುಸ್ತಕವನ್ನು ಪೂರ್ತಿ ಟೈಪ್ ಮಾಡಿದವಳು ತಾನೇ ಆದರೂ, ಅದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ತಿಳಿಯದೆ ಬಾಯಿ ಬಾಯಿ ಬಿಡುತ್ತಿದ್ದಳು.

ಪುಸ್ತಕ ಗುತ್ತೂರಿನ ಹತ್ತಿರ ಇಪ್ಪತ್ತು ವರ್ಷದ ಹಿಂದೆ ಬಾಗಿಲು ಹಾಕಿದ ಎರಕದ ಕಾರ್ಖಾನೆಯ ನೆನಪುಗಳದ್ದು. ಬರೆದವರು ಅಲ್ಲಿ ಮ್ಯಾನೇಜರ್ ಆಗಿದ್ದ ಅಶ್ವಥ್. ವಾಣಿಯ ಅಪ್ಪ ಬಕ್ಕೇಶಪ್ಪ ಎಡಗಾಲು ಕಳೆದುಕೊಂಡದ್ದೂ ಅದೇ ಕಾರ್ಖಾನೆಯಲ್ಲಿ. ಅದು ಗೊತ್ತಿದ್ದೂ ಅವಳ ಕೈ ನಿಂತಿರಲಿಲ್ಲ. ದಿನಕ್ಕೆ ಹತ್ತು ಪುಟ ಆಗಬೇಕಿತ್ತು.

ಆ ಮಂಗಳವಾರ ಅವಳು ಓದುತ್ತಿದ್ದಳು, ಎದುರಿಗೆ ಪ್ರೆಸ್ಸಿನ ಹುಡುಗ ನಯೀಮ್ ಬೆರಳು ಸರಿಸುತ್ತಿದ್ದ. ನೂರಾ ಹನ್ನೆರಡನೇ ಪುಟದಲ್ಲಿ ಅವಳ ದನಿ ನಿಂತಿತು.

"ಯಾಕ ನಿಂತ್ರಿ ಅಕ್ಕಾ? ಕಾಮಾ ಐತೇನು?"

"ತಡಿಯೋ."

ಅವಳು ಸಾಲನ್ನು ಮತ್ತೆ ಮನಸ್ಸಿನಲ್ಲೇ ಓದಿದಳು. ‘ಎರಡನೇ ಪಾಳಿಯಲ್ಲಿ ಕಾರ್ಮಿಕನೊಬ್ಬ ಕುಡಿದು ಬಂದು ತನ್ನ ಕಾಲಿಗೆ ತಾನೇ ತಂದುಕೊಂಡ ಆಪತ್ತು ನಮ್ಮ ಕಾರ್ಖಾನೆಯ ಕೊನೆಗೆ ಮೊದಲ ಕಾರಣವಾಯಿತು.’

"ಕುಡಿದು ಬಂದಿದ್ನಂತೆ," ಎಂದಳು. "ನಮ್ಮಪ್ಪ ಚಹಾ ಬಿಟ್ರ ಬೇರೆ ಏನೂ ಕುಡಿದವನಲ್ಲ ಮಾರಾಯ."

ಕ್ರೇನಿನ ಸರಪಳಿ ಸವೆದಿತ್ತು. ಅದಕ್ಕಾಗಿ ಅಪ್ಪ ಮೂರು ಸಲ ಅರ್ಜಿ ಕೊಟ್ಟಿದ್ದ. ಮೂರನೆಯದನ್ನು ಬರೆದವಳು ಒಂಬತ್ತನೇ ಕ್ಲಾಸಿನ ವಾಣಿ. ಅಪ್ಪ ಹೇಳಿದಂತೆ, ದುಂಡಗಿನ ಅಕ್ಷರದಲ್ಲಿ, ‘ಮಾನ್ಯರೆ’ ಎಂದು ಶುರುಮಾಡಿ. ಅದಾಗಿ ಹದಿನೇಳು ದಿನಕ್ಕೆ ಸರಪಳಿ ಹರಿಯಿತು.

ಸಂಜೆಯವರೆಗೆ ಅವಳು ಪುಸ್ತಕವನ್ನು ಮೊದಲ ಪುಟದಿಂದ ಓದಿದಳು, ಈ ಸಲ ಅರ್ಥಕ್ಕಾಗಿ. ಪ್ರತಿ ಯಂತ್ರಕ್ಕೂ ಹೆಸರಿತ್ತು, ಅದು ಯಾವ ದೇಶದಿಂದ ಬಂತೆಂಬ ವಿವರವಿತ್ತು. ನಾನೂರು ಕಾರ್ಮಿಕರು ಮಾತ್ರ ಎಲ್ಲ ಕಡೆಯೂ ‘ಕಾರ್ಮಿಕ ಬಂಧುಗಳು’. ಒಬ್ಬನೇ ಒಬ್ಬ ಆ ಗುಂಪಿನಿಂದ ಈಚೆ ಬರುತ್ತಾನೆ, ಅದೂ ಕುಡಿದು. ಲಾಭವಾದ ವರ್ಷ ‘ನಾನು ನಿರ್ಧರಿಸಿದೆ’, ನಷ್ಟವಾದ ವರ್ಷ ‘ಪರಿಸ್ಥಿತಿ ಕೈಮೀರಿತು’. ಇದನ್ನೆಲ್ಲ ಯಾಕೆ ಬರೆದಿದ್ದಾರೆಂಬುದು ಕೊನೆಯ ಅಧ್ಯಾಯದಲ್ಲಿ ಬಯಲಾಯಿತು. ಅದೇ ಜಾಗದಲ್ಲಿ ಹೊಸ ಕಾರ್ಖಾನೆ ಏಳಬೇಕಂತೆ, ಅದಕ್ಕೆ ಅನುಭವಸ್ಥರೊಬ್ಬರ ಮಾರ್ಗದರ್ಶನ ಬೇಕಂತೆ. ಯಾರದ್ದು ಎಂದು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನೆನಪಿನ ಹೆಸರಿನಲ್ಲಿ ನೂರೆಂಬತ್ತು ಪುಟದ ಕೆಲಸದ ಅರ್ಜಿ ಬರೆದಿದ್ದರು ಪುಣ್ಯಾತ್ಮರು.

ಮಾರನೇ ದಿನ ಅಶ್ವಥ್ ಪ್ರೂಫ್ ನೋಡಲು ಬಂದರು. ಹಿದಾಯತ್ ಕುರ್ಚಿ ಹಾಕಿಸಿ ಚಹಾ ತರಿಸಿದ. ವಾಣಿ ಹಾಳೆ ಹಿಡಿದು ಎದುರಿಗೆ ನಿಂತಳು.

"ಇವನು ಕುಡಿದಿದ್ದ ಅಂತ ನಿಮಗ ಯಾರು ಹೇಳಿದ್ರು ಸಾರ್?"

"ಎಲ್ಲರೂ ಹೇಳ್ತಿದ್ರಮ್ಮ. ಅದಕ್ಕೇ, ಪಾಪ, ಹೆಸರು ಹಾಕಿಲ್ಲ. ಅವನ ಮರ್ಯಾದೆ ಉಳೀಲಿ ಅಂತ."

"ಹೆಸರು ಹಾಕ್ರಿ. ಬಕ್ಕೇಶಪ್ಪ, ಕಡರನಾಯಕನಹಳ್ಳಿ. ನಮ್ಮಪ್ಪ. ಸರಪಳಿ ಬದಲಾಯಿಸ್ರಿ ಅಂತ ನಿಮಗ ಅರ್ಜಿ ಬರೆದೋಳು ನಾನೇ. ಆ ಅರ್ಜಿ ಯಾವ ಪುಟದಾಗ ಐತೆ ಸಾರ್?"

ಅಶ್ವಥ್ ಹಿದಾಯತ್ ಕಡೆ ತಿರುಗಿದರು. "ನಿಮ್ಮಲ್ಲಿ ಟೈಪ್ ಮಾಡೋರು ವಿಮರ್ಶೆನೂ ಮಾಡ್ತಾರೇನ್ರಿ?"

"ಟೈಪ್ ಮಾಡೋವಾಗ ಓದಿರಲಿಲ್ಲ ಸಾರ್," ಎಂದಳು ವಾಣಿ. "ಈಗ ಓದೀನಿ."

ಅವರು ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿ ಮೇಲೆ ಬರೆದರು: ‘ಆ ವರ್ಷ ಅವಘಡವೊಂದು ಸಂಭವಿಸಿತು.’

"ಆಯ್ತಲ್ಲ. ಈಗ ಯಾರಿಗೂ ನೋವಿಲ್ಲ."

ಮೊದಲ ಸಾಲಿಗಿಂತ ಈ ಸಾಲು ವಾಣಿಯನ್ನು ಹೆಚ್ಚು ಕೆರಳಿಸಿತು. ಮೊದಲು ಕುಡುಕನಾಗಿಯಾದರೂ ಅಪ್ಪ ಅಲ್ಲಿದ್ದ. ಈಗ ಅವನೂ ಇಲ್ಲ, ಅವನ ಕಾಲೂ ಇಲ್ಲ.

"ಸರಪಳಿ ಹರಿದದ್ದು ಬರೀರಿ. ಇಲ್ಲಾಂದ್ರ ನಾನು ಈ ಹೊಸ ಸಾಲು ಟೈಪ್ ಮಾಡಲ್ಲ."

"ದಾವಣಗೆರೆಯಲ್ಲಿ ಬೇರೆ ಪ್ರೆಸ್ ಇಲ್ವೇನಮ್ಮ?"

ವಾಣಿ ಹಿದಾಯತ್ ಮುಖ ನೋಡಿದಳು. ಸಾವಿರ ಪ್ರತಿಯ ಕೆಲಸ. ಕಾಗದ ಆಗಲೇ ಬಂದು ಬಿದ್ದಿತ್ತು. ಹಿದಾಯತ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಅದಾವ್ರಿ ಸಾರ್. ಪಿ.ಬಿ. ರೋಡ್ ತುಂಬಾ ಅದಾವು," ಎನ್ನುತ್ತ ಹಸ್ತಪ್ರತಿಯ ಕಟ್ಟಿಗೆ ದಾರ ಸುತ್ತಿ ಅವರ ಕೈಗಿಟ್ಟ. ಅವರು ಮೆಟ್ಟಿಲಿಳಿದ ಮೇಲೆ ಗೊಣಗಿದ, "ನೀನು ಹಿಂಗ ಅರ್ಥ ನೋಡಾಕ ನಿಂತ್ರ ನಾನು ಅಂಗಡಿ ಮುಚ್ಚಬೇಕಾಗ್ತೈತೆ ತಾಯಿ."

ವಾಣಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಪ್ರೆಸ್ಸಿನಲ್ಲಿ ಇನ್ನೊಬ್ಬಳು ಆ ದಾರ ಬಿಚ್ಚುತ್ತಾಳೆ. ಬೆಳಿಗ್ಗೆ ಐದಕ್ಕೆದ್ದು ಮಕ್ಕಳಿಗೆ ಡಬ್ಬಿ ಕಟ್ಟಿ ಬಂದವಳು, ದಿನದ ಪುಟ ಮುಗಿದರೆ ಸಾಕೆನ್ನುವವಳು. ಅವಳನ್ನು ಬೈಯುವ ಹಕ್ಕು ತನಗೆಲ್ಲಿದೆ? ಮೊನ್ನೆಯ ತನಕ ತಾನೂ ಅವಳೇ.

ಊರಿನ ಪ್ರೆಸ್ಸುಗಳ ಟೈಪಿಂಗ್ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿತ್ತು. ರಜೆ, ಸಂಬಳ, ಹೊಸ ಫಾಂಟುಗಳ ಸುದ್ದಿಯಷ್ಟೇ ಅದರಲ್ಲಿ ಓಡಾಡುತ್ತಿದ್ದುದು. ವಾಣಿ ಹಳೆಯ ಪ್ರೂಫಿನ ಆ ಪುಟದ ಫೋಟೋ ತೆಗೆದು ಹಾಕಿ ಕೆಳಗೆ ಬರೆದಳು: ‘ಈ ಪುಸ್ತಕ ನಿಮ್ಮ ಕಡೆ ಬರಬಹುದು. ಇದರಲ್ಲಿರುವ ಕುಡುಕ ನಮ್ಮಪ್ಪ. ಕುಡಿದಿರಲಿಲ್ಲ, ಸರಪಳಿ ಹರಿದಿತ್ತು. ಟೈಪ್ ಮಾಡುವ ಮೊದಲು ಓದಿ.’

ಒಂದು ತಾಸಿನ ಮೇಲೆ ಪಿ.ಬಿ. ರೋಡಿನ ಪ್ರೆಸ್ಸಿನಿಂದ ಶಾಹಿಸ್ತಾಳ ಉತ್ತರ ಬಂತು.

‘ಅಕ್ಕಾ, ಅವರು ಇಲ್ಲೇ ಕುಂತಾರ. ಯಾವಾಗ ಶುರು ಮಾಡ್ತೀಯಮ್ಮ ಅಂತ ಕೇಳ್ತಿದಾರೆ. ಓದ್ತಾ ಇದೀನಿ, ತಡೀರಿ ಅಂದೀನಿ.’