ಕಸವಿಲ್ಲದ ಹೊಲ

ದುಂಡವ್ವನ ಬಿಳಿಜೋಳ ತವರುಮನೆ ಯಮನೂರಿನದು. ಮದುವೆಯಾದ ವರ್ಷ ಅವಳ ಅವ್ವ ಸೆರಗಿನ ತುದಿಗೆ ಕಟ್ಟಿ ಕೊಟ್ಟದ್ದು. ಇಪ್ಪತ್ತಾರು ವರ್ಷ ಅದನ್ನೇ ಬಿತ್ತಿ, ಪ್ರತಿ ಸುಗ್ಗಿಯಲ್ಲೂ ತುಂಬಿದ ತೆನೆಗಳನ್ನು ಆರಿಸಿ, ಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತ ಬಂದಿದ್ದಳು. ಅವ್ವ ತೀರಿ ಒಂಬತ್ತು ವರ್ಷವಾಗಿತ್ತು.

ಕಳೆದ ಸಲದ ಅಕಾಲದ ಮಳೆಗೆ ತೆನೆ ಕಪ್ಪಾಗಿ, ಈ ವರ್ಷ ಬೀಜಕ್ಕೆ ದಕ್ಕಿದ್ದು ಮೂರೇ ಸೇರು. ಅದಕ್ಕೆಂದು ದುಂಡವ್ವ ಗಂಡನ ಊರು ಕುಬಿಹಾಳದ ಹಳ್ಳದ ದಂಡೆಯ ಹೊಲವನ್ನೇ ಆರಿಸಿದಳು. ಮುಂಗಾರಿನ ಹೆಸರುಕಾಳಿನ ಬೆಳೆ ಬಿಡಿಸಿದ ಮೇಲೂ ಅಲ್ಲಿ ಒಂದು ಹುಲ್ಲುಕಡ್ಡಿಯೂ ಎದ್ದಿರಲಿಲ್ಲ.

"ಅಗದಿ ಅಂಗಳಾ ಇದ್ದಂಗ ಐತ್ರಿ. ಎಲ್ಲಾ ಇಲ್ಲೇ ಬಿತ್ತೂಣು," ಎಂದಳು. ಗಂಡ ಗಂಗಪ್ಪ ಕೂರಿಗೆ ಹೂಡಿದ. ಗಡಿಗೆಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಜೋಳ ಹುಟ್ಟಿತು. ನಾಲ್ಕು ಬೆರಳೆತ್ತರಕ್ಕೆ ನಿಂತುಬಿಟ್ಟಿತು. ಎಲೆ ಹಳದಿಯಾಯಿತು, ಎಲೆಯ ನರ ನೇರಳೆಗೆ ತಿರುಗಿತು. ಕಿತ್ತರೆ ಮೋಟು ಬೇರು.

ಗಂಗಪ್ಪ ಎರಡು ಸಸಿ ಹಿಡಿದು ಸಂಶಿಗೆ ಹೋದ. ಕೃಷಿ ಕಚೇರಿಯ ಮಹಾಲಕ್ಷ್ಮಿ ಬೇರನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೆಸರಿನ ಬೆಳಿಗೆ ಕಸಾ ಸಾಯೂ ಎಣ್ಣಿ ಹೊಡದಿದ್ರೇನ್ರಿ ಕಾಕಾ?"

"ಹೌದ್ರಿ. ಕಸಾ ಭಾಳ ಇತ್ತು, ಎರಡ ಸರತಿ ಹೊಡದ್ನಿ."

"ಆಮ್ಯಾಲೆ ಮಳಿ?"

"ಬಿತ್ತೂ ಮುಂದ ಒಂದ ಮಳಿ ಆತ್ರಿ. ಅಷ್ಟ."

"ಮಣ್ಣು ಹಸಿ ಇದ್ರ ಅದರಾಗಿನ ಜೀವಾಣು ಆ ಔಷಧಾ ಕರಗಸ್ತಾವ್ರಿ. ಒಣಾ ಎರಿ ಮಣ್ಣಿನೊಳಗ ಹಂಗ ಉಳಿತೈತಿ. ಹೆಸರು ತಡಕೋತೈತಿ, ಜೋಳ ತಡಕೊಳ್ಳಂಗಿಲ್ಲ. ಡಬ್ಬಿ ಮ್ಯಾಲ ಬರದಿರ್ತಾರಲ್ರಿ."

ಗಂಗಪ್ಪ ಡಬ್ಬಿ ಓದಿರಲಿಲ್ಲ. ಹೆಂಡತಿ ಮೆಚ್ಚಿದ ಆ ಸ್ವಚ್ಛತೆಯೇ ಜೋಳವನ್ನು ಕೊಂದಿತ್ತು.

ಮನೆಗೆ ಬಂದವನಿಗೆ ಹೇಳಲು ಬಾಯಿ ಬರಲಿಲ್ಲ. ದುಂಡವ್ವ ದಿನಾ ಹೊಲಕ್ಕೆ ಹೋಗುವಳು, ಬಂದು ಗೊಣಗುವಳು: "ಇಷ್ಟ ವರ್ಷಕ್ಕ ಕಸುವು ತೀರೂ ಬೀಜಾ ಕಟ್ಟಿ ಕಳಿಸ್ಯಾಳ ನಮ್ಮವ್ವ. ಅಕೀಗೆ ಮೊದಲಿಂದನೂ ನನ್ನ ಮ್ಯಾಲ ಅಷ್ಟಕ್ಕಷ್ಟ." ಗಂಗಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಸಂಶಿಯಿಂದ ಬಂದ ಹತ್ತನೆಯ ದಿನ ಸಾಲುಗಳೆಲ್ಲ ಒಣಗಿದವು. ಹೊಲದಲ್ಲಿ ಅವಳ ಪಕ್ಕ ಕುಳಿತು ಅವನು ಹೇಳಿದ:

"ಬೀಜದ್ದೇನೂ ತಪ್ಪಿಲ್ಲ. ಹೆಸರಿಗೆ ನಾ ಹೊಡದ ಎಣ್ಣಿ ಮಣ್ಣಾಗ ಉಳದಿತ್ತು. ಆಫೀಸಿನಾಗ ಹೇಳಿದ್ರು."

"ಯಾವಾಗ?"

"ಸಂಶಿಗೆ ಹೋದಾಗ."

ದುಂಡವ್ವ ಬೈಯಲಿಲ್ಲ. ಒಂದು ಸಸಿ ಕಿತ್ತು, ಬುಡಕ್ಕಂಟಿದ್ದ ಕಾಳಿನ ಸಿಪ್ಪೆಯ ಮಣ್ಣನ್ನು ಬೆರಳಿನಿಂದ ಒರೆಸಿದಳು.

"ಹತ್ತ ದಿನದಿಂದ ನಾ ನಮ್ಮವ್ವಗ ಬೈಕೋಂತ ಕುಂತೇನಲ್ರಿ," ಎಂದಳು.