ಬೆರೆತವರ ಎಣಿಕೆ

ವಲಸೆ ಬಂದವರು ಊರಿನಲ್ಲಿ ಎಲ್ಲಿ ನೆಲೆಸುತ್ತಾರೆ, ಉಳಿದವರೊಡನೆ ಎಷ್ಟು ಬೆರೆಯುತ್ತಾರೆ ಎಂಬುದೇ ಪ್ರಾಧ್ಯಾಪಕಿಯ ಜೀವಮಾನದ ಅಧ್ಯಯನ. ಆಕೆಯೂ ವಲಸಿಗರ ಮಗಳೇ. ವಿಧಾನ ಸರಳ: ರಾತ್ರಿ ಯಾರು ಎಲ್ಲಿ ಮಲಗುತ್ತಾರೋ ಅವರು ಅಲ್ಲಿಯ ನಿವಾಸಿಗಳು. ಹಾಗೆ ಎಣಿಸಿದಾಗ, ಶ್ರೀಮಂತರ ಗುಡ್ಡದ ಬಡಾವಣೆಯಲ್ಲಿ ವಲಸಿಗರ ಪಾಲು ಮೂರು ಪಟ್ಟಾಗಿತ್ತು. ಪ್ರತ್ಯೇಕತೆ ಕರಗುತ್ತಿದೆ ಎಂದು ಬರೆದಳು. ವಿಭಾಗದ ಮುಖ್ಯಸ್ಥೆಯಾದಳು.

ಆ ಬರಹವನ್ನೇ ಮುಂದಿಟ್ಟುಕೊಂಡು ನಗರಸಭೆ, ಬೆರೆತವರಿಗೆ ಬೇರೆ ಶಾಲೆ ಏಕೆಂದು, ವಲಸಿಗರು ಮೊದಲಿನಿಂದ ಇದ್ದ ತಗ್ಗಿನ ಕೇರಿಯ ಶಾಲೆಯನ್ನು ಮುಚ್ಚಲು ಹೊರಟಿತು. ವಲಸಿಗರ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸುವ ಶಾಲೆ ಅದೊಂದೇ. ಅಲ್ಲಿ ಪಾಠ ಹೇಳುತ್ತಿದ್ದವಳು ಆಕೆಯ ಅಕ್ಕ.

ಅಕ್ಕ ವಿಭಾಗದ ಕೋಣೆಗೇ ಬಂದಳು. ಕುಳಿತುಕೊಳ್ಳಲಿಲ್ಲ.

"ಏನೇ, ನಮ್ಮೋರೆಲ್ಲ ಗುಡ್ಡದ ಮೇಲೆ ಮನೆ ಮಾಡಿಬಿಟ್ರಂತೆ? ನನ್ನ ಯಾರೂ ಕಾಫಿಗೂ ಕರೀಲಿಲ್ಲ!"

"ಲೆಕ್ಕ ಸರಿಯಾಗೇ ಇದೆ ಅಕ್ಕಾ. ಮತ್ತೆ ಮತ್ತೆ ನೋಡಿದೀನಿ."

"ಲೆಕ್ಕ ಬಿಡು. ಒಬ್ಬರ ಮನೆಗಾದ್ರೂ ಹೋಗಿದ್ಯಾ?"

ಹೋಗಿರಲಿಲ್ಲ. ಅಂದು ಸಂಜೆಯೇ ಹೋದಳು. ಮೊದಲ ಮನೆಯ ಬಾಗಿಲು ತೆರೆದವಳು ಆಕೆಯದೇ ಮನೆಮಾತಿನವಳು. ಕೈಯಲ್ಲಿ ಸೋಪಿನ ನೊರೆ. ಮನೆ ಅವಳದಲ್ಲ. ಮುಂದಿನದರಲ್ಲಿ ಹಾಸಿಗೆ ಹಿಡಿದ ಮುದುಕನನ್ನು ನೋಡಿಕೊಳ್ಳುವವಳು. ಅದರಾಚೆ ಕಾವಲುಗಾರ. ಮಲಗುವುದು ಅಡುಗೆಮನೆಯ ಪಕ್ಕದ ಕಿರುಕೋಣೆಯಲ್ಲಿ, ಇಲ್ಲವೆ ಕಾರಿನ ಶೆಡ್ಡಿನಲ್ಲಿ. ಅವರ ಮಕ್ಕಳೆಲ್ಲ ತಗ್ಗಿನ ಕೇರಿಯಲ್ಲಿ, ಅಜ್ಜಿಯರ ಬಳಿ. ಕೂಡಿಸಿದ್ದು ತಪ್ಪಿರಲಿಲ್ಲ, ಆಳುಗಳನ್ನು ನೆರೆಹೊರೆಯವರೆಂದು ಕೂಡಿಸಿದ್ದಳು.

ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಳು. ಮುಖ್ಯಸ್ಥೆಯ ಹುದ್ದೆ ಹೋಯಿತು. ಅದಕ್ಕೆ ಅಳಲಿಲ್ಲ. ನಗರಸಭೆಗೆ ಓಡಿದಳು.

"ಮೇಡಂ, ನೀವೇ ಬರೀತೀರಿ, ನೀವೇ ಅಳಿಸ್ತೀರಿ," ಎಂದ ಅಧಿಕಾರಿ. "ನಾವೇನು ಮಾಡೋಣ? ಕಟ್ಟಡ ಆಗಲೇ ಬೇರೆಯವರ ಕೈಗೆ ಹೋಯ್ತು."

ಶಾಲೆ ಮುಚ್ಚಿತು. ಐವತ್ತು ದಾಟಿದ ಅಕ್ಕನನ್ನು ಬೇರೆ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ತಂಗಿ ಕೊಡಬಂದ ಹಣವನ್ನು ಅವಳು ಮುಟ್ಟಲಿಲ್ಲ. ಗುಡ್ಡದ ಮನೆಯೊಂದರಲ್ಲಿ ಮುದುಕಿಯ ಆರೈಕೆಗೆ ಸೇರಿದಳು. ಊಟ, ವಾಸ ಅಲ್ಲೇ.

ತಂಗಿ ನೋಡಲು ಹೋದಳು. ಅಕ್ಕ ಹಿತ್ತಲ ಬಾಗಿಲನ್ನು ಅರ್ಧ ತೆರೆದಳು.

"ಬೈಯೋದಿದ್ರೆ ಬೈದುಬಿಡು ಅಕ್ಕಾ."

"ಬೈಯೋಕೆ ಪುರುಸೊತ್ತೆಲ್ಲಿದೆ ಕಣೇ? ಅವರಿಗೆ ಔಷಧಿ ಕೊಡೋ ಹೊತ್ತು."

ಒಳಗೆ ಮುದುಕಿಯ ಕರೆಗಂಟೆ ಸದ್ದು ಮಾಡಿತು. ಅಕ್ಕ ಅತ್ತ ತಿರುಗಿ, ಮತ್ತೆ ಇತ್ತ ನೋಡಿದಳು.

"ಒಳಗೆ ಕರೆಯೋ ಹಾಗಿಲ್ಲ. ತಪ್ಪು ತಿಳೀಬೇಡ," ಎಂದು ಮೆಲ್ಲನೆ ಬಾಗಿಲು ಹಾಕಿಕೊಂಡಳು.