ಹಕ್ಕರಕಿ ಬಿಟ್ಟವಳು

ಇಳಕಲ್‌ನಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಬಹಳ ವರ್ಷ ಟಿಕೆಟ್ ಹರಿದವನು ನಾನು. ಯಾವ ಊರಲ್ಲಿ ಯಾರು ಹತ್ತಿದರು ಎಂಬುದು ನೆನಪಿಲ್ಲ, ಎಲ್ಲಿ ಏನು ತಿಂದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಬಾದಾಮಿ ಸ್ಟ್ಯಾಂಡಿನಲ್ಲಿ ಪೇರಲ, ಬನಶಂಕರಿಯಲ್ಲಿ ಪುಟ್ಟ ಗಡಿಗೆಯ ಕೆನೆಮೊಸರು, ಚಳಿಗಾಲದಲ್ಲಿ ಹಾದಿಬದಿಯ ಹೊಲದಿಂದ ಯಾರೋ ಕಿತ್ತುಕೊಟ್ಟ ಹಸಿ ಕಡಲೆ. ಹುನಗುಂದದ ಮನೆಗೆ ಬಂದರೆ ಬಿಸಿ ಜೋಳದ ರೊಟ್ಟಿ, ಗುದ್ದಿದ ಉಳ್ಳಾಗಡ್ಡಿ, ಬೆಳಗ್ಗೆಯಷ್ಟೇ ಕಿತ್ತ ಹಕ್ಕರಕಿ ಸೊಪ್ಪು. ಹಕ್ಕರಕಿಯನ್ನು ಬೇಯಿಸುವವರಿಗೆ ಬುದ್ಧಿಯಿಲ್ಲ ಎಂದೇ ನನ್ನ ವಾದ. ಅದನ್ನು ಹಸಿಯಾಗಿ ಕರಕರ ಕಡಿಯಬೇಕು. ರೊಟ್ಟಿ ಮುಗಿದರೂ ಸೊಪ್ಪು ಮುಗಿಯಬಾರದು.

ಈಗ ನನಗೆ ಅದು ವಿಷ. ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್‌ಗೆಂದು ಬಾಗಲಕೋಟೆಗೆ ಹೋಗಿ ಬರುತ್ತೇನೆ, ಅದೂ ಬಸ್ಸಿನಲ್ಲೇ, ಟಿಕೆಟ್ ಕೊಂಡು. ಹಸಿ ಸೊಪ್ಪು, ಹಣ್ಣು, ಎಳನೀರು ಸೇರಿದರೆ ರಕ್ತದಲ್ಲಿ ಏನೋ ಒಂದು ಲವಣ ಏರಿ ಎದೆ ನಿಲ್ಲಬಹುದಂತೆ. ಹೀಗಾಗಿ ನನ್ನ ಹೆಂಡತಿ ಬಸವೇಶ್ವರಿ ಸೊಪ್ಪನ್ನು ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಿ, ಮತ್ತೆ ಚೆಲ್ಲಿ, ಉಪ್ಪಿಲ್ಲದೆ ಬಡಿಸುತ್ತಾಳೆ. ದನದ ಬಾಯಿಂದ ಕಸಿದುಕೊಂಡಂತಿದೆ ಎಂದು ಒಮ್ಮೆ ಅಂದೇಬಿಟ್ಟೆ.

"ದನಾರ ಇದನ್ನ ಎಲ್ಲಿ ತಿಂತಾವ್ರಿ," ಎಂದು ನಕ್ಕಳು.

ನಮ್ಮ ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಅಡುಗೆಮನೆಯಲ್ಲಿ ಕೂತು ಉಣ್ಣುವುದು ರೂಢಿ. ನಾನು ಕೈತೊಳೆದು ಹೊರಗಿನ ಕಟ್ಟೆಗೆ ಹೋಗುವವನು. ಮದುವೆಯಾದಾಗಿನಿಂದ ಆಕೆ ಉಣ್ಣುವುದನ್ನು ನಾನು ನೆಟ್ಟಗೆ ಕಂಡೇ ಇಲ್ಲ. ಇತ್ತೀಚೆಗೆ ಸೊರಗಿದ್ದಳು. ಬಳೆಗಳು ಮೊಣಕೈತನಕ ಜಾರುತ್ತಿದ್ದವು, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದಳು. ನನ್ನ ಚಿಂತೆಯಲ್ಲೇ ಹೀಗಾಗಿದ್ದಾಳೆ ಎಂದುಕೊಂಡಿದ್ದೆ. ಮನುಷ್ಯನಿಗೆ ತನ್ನ ಮೇಲೆ ಎಷ್ಟು ಅಭಿಮಾನ ನೋಡಿ.

ಒಂದು ಮುಂಜಾನೆ ಕಾಯಿಪಲ್ಲೆ ಮಾರುವ ಗುಲಾಬಬಿ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಬಸವೇಶ್ವರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬುಟ್ಟಿಯ ಮೇಲೆಯೇ ಹಕ್ಕರಕಿ, ಇನ್ನೂ ಇಬ್ಬನಿ ಆರಿರಲಿಲ್ಲ.

"ಒಂದ ಸಿವುಡ ಇಡು ಗುಲಾಬಬಿ. ನಾ ತಿನ್ನಂಗಿಲ್ಲ, ನಮ್ಮಾಕಿಗಾದ್ರೂ ಆಗ್ತೈತಿ."

"ಅಕ್ಕಾರು ಎಲ್ಲಿ ತಿಂತಾರ್ರಿ ಸಂಗಯ್ಯನೋರ? ಪುಕ್ಕಟ ಕೊಟ್ರೂ ತಿರುಗಿ ಕೊಡ್ತಾರ. ಹೋದ ವರ್ಷ ಮಹಾಕೂಟದಾಗ ಬಿಟ್ಟು ಬಂದೇನಿ ಅಂದ್ರು. ನಿಮಗ ಗೊತ್ತಿಲ್ಲೇನು?"

ಕಾಶಿಗೆ ಹೋದವರು ಒಂದು ಹಣ್ಣು ಬಿಟ್ಟು ಬರುವುದನ್ನು ಕೇಳಿದ್ದೆ. ಇದು ಗೊತ್ತಿರಲಿಲ್ಲ. ಆದರೂ ಒಂದು ಕಟ್ಟು ಸೊಪ್ಪು ಇಡಿಸಿಕೊಂಡೆ.

ಮಧ್ಯಾಹ್ನ ಉಂಡವನು ಕಟ್ಟೆಗೆ ಹೋಗದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಆಕೆ ಉಣ್ಣುತ್ತಿದ್ದಳು. ತಾಟಿನಲ್ಲಿದ್ದದ್ದು ನನ್ನ ಪಾತ್ರೆಯಲ್ಲಿ ಉಳಿದದ್ದೇ, ಎರಡು ಸಲ ಕುದಿಸಿದ ಉಪ್ಪಿಲ್ಲದ ಸೊಪ್ಪು. ಪಕ್ಕದಲ್ಲಿ ಒಂದು ಹಸಿ ಮೆಣಸಿನಕಾಯಿಯೂ ಇರಲಿಲ್ಲ.

"ಮಹಾಕೂಟದಾಗ ಏನ ಬಿಟ್ಟು ಬಂದಿ?" ಎಂದು ಕೇಳಿದೆ.

ಆಕೆ ಸೆರಗು ಸರಿಮಾಡಿಕೊಂಡಳು. "ನೀವು ತಿನ್ನಲಾರದ್ದೆಲ್ಲಾ ಬಿಟ್ಟೇನ್ರಿ. ಹೊಂಡದಾಗ ಮುಳುಗಿ ಬೇಡಿಕೊಂಡೇನಿ. ನೀವು ಗುಣ ಆದ ದಿನ ಇಬ್ರೂ ಕೂಡಿ ತಿನ್ನೋದು."

ಕೊರಳಲ್ಲಿ ಇಷ್ಟಲಿಂಗ, ಹರಕೆ ಮಾತ್ರ ಮಹಾಕೂಟದ ಗುಡಿಯಲ್ಲಿ ಎಂದು ಬೇರೆ ದಿನವಾಗಿದ್ದರೆ ಚೇಷ್ಟೆ ಮಾಡುತ್ತಿದ್ದೆ. ಅಂದು ಸಿಟ್ಟು ಬಂತು.

"ಮೈಯಾಗ ರಕ್ತ ಇಲ್ಲ ನಿನಗ. ನನಕಿಂತ ಮೊದಲ ಹೋಗ್ಬೇಕಂತ ಮಾಡಿಯೇನು?"

"ಇನ್ನ ಭಾಳ ದಿನ ಇಲ್ರಿ. ಚಲೋ ನಡದೈತಿ ಅಂತ ಡಾಕ್ಟರ್ ಹೇಳ್ಯಾರಲ್ಲ."

ಅದು ಆಕೆಯ ಎದುರಿಗೆ ಹೇಳಿದ್ದು. ಆಕೆ ಔಷಧಿ ತರಲು ಹೋದಾಗ ಉಳಿದದ್ದನ್ನು ನನಗೊಬ್ಬನಿಗೇ ಹೇಳಿದ್ದರು. ಎದೆ ಸೋತಿದೆ, ಬೇರೆ ಕಿಡ್ನಿ ಹಾಕಲು ಬರುವುದಿಲ್ಲ, ಕೊನೆಯವರೆಗೂ ಹೀಗೇ, ಆ ಕೊನೆಯೂ ದೂರವಿಲ್ಲ. ನಾನು ಅದನ್ನು ನುಂಗಿಕೊಂಡು ಬಂದಿದ್ದೆ. ನಾನು ಹೇಳದಿದ್ದರೆ ಆಕೆಗೆ ನೆಮ್ಮದಿ ಎಂದು ನಾನು, ಆಕೆ ತಿನ್ನದಿದ್ದರೆ ನನಗೆ ಆಯುಷ್ಯ ಎಂದು ಆಕೆ. ಹೀಗೆ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಆ ಹರಕೆ ಬಿಡಿಸಲು ಒಂದೇ ದಾರಿಯಿತ್ತು. ಆಕೆಯ ಎದುರು ನೆಲದ ಮೇಲೆ ಕೂತೆ.

"ಬಸವೇಶ್ವರಿ, ನಾ ಗುಣ ಆಗಂಗಿಲ್ಲ."

"ಹಂಗ ಅನಬ್ಯಾಡ್ರಿ."

"ಡಾಕ್ಟರೇ ಅಂದಾರ. ಇತ್ಲಾಗ ನೋಡು. ನೀ ಕಾಯೋ ದಿನ ಬರಂಗಿಲ್ಲ."

ಆಕೆ ಅಳಲಿಲ್ಲ. ತಾಟಿನಲ್ಲಿದ್ದ ಸೊಪ್ಪನ್ನು ಬೆರಳಿನಿಂದ ಬದಿಗೆ ಸರಿಸಿದಳು.

"ಎಂದ ಹೇಳಿದ್ರು?"

"ದಸರಾ ಹೊತ್ತಿಗೆ."

"ಅವತ್ತಿನಿಂದ ನೀವೊಬ್ರ ಹೊತ್ಕೊಂಡಿದ್ರೇನು ಇದನ್ನ," ಅಂದಳು. ನನ್ನ ಕಣ್ಣು ತುಂಬಿಬಂತು.

ಹಕ್ಕರಕಿಯನ್ನು ನಾನೇ ತೊಳೆದು ತಂದೆ. ಉಳ್ಳಾಗಡ್ಡಿ ಗುದ್ದಲು ಹೋದರೆ ಮುಷ್ಟಿಯಲ್ಲಿ ಬಲ ಸಾಲಲಿಲ್ಲ. ಆಕೆಯೇ ಗುದ್ದಿದಳು. ರೊಟ್ಟಿಯ ತುಂಡಿಗೆ ಶೇಂಗಾ ಚಟ್ನಿ ಹಚ್ಚಿ, ಮೇಲೆ ಸೊಪ್ಪಿಟ್ಟು, ಬಾಯಿಯವರೆಗೆ ಒಯ್ದು ನಿಲ್ಲಿಸಿದಳು.

"ತಿನ್ನು," ಅಂದೆ.

ತಿಂದಳು. ಎಲೆ ಮುರಿಯುವ ಸದ್ದು ನನಗೆ ಕೇಳಿಸಿತು. ಬಾಯಲ್ಲಿ ನೀರೂರಿತು. ಸಾಯುವವನಿಗೂ ಊರುತ್ತದೆ.

"ಹೆಂಗೈತಿ?"

"ಕಹಿ ಐತ್ರಿ. ಈ ವರ್ಷದ್ದು ಚಲೋ ಇಲ್ಲ."

"ಖರೆ ಹೇಳು."

ಇನ್ನೊಂದು ತುತ್ತು ಇಟ್ಟುಕೊಂಡಳು. ಕಣ್ಣೀರು ಗಲ್ಲದಿಂದ ತಾಟಿಗೆ ಇಳಿಯುತ್ತಿತ್ತು. "ಭಾಳ ರುಚಿ ಐತ್ರಿ," ಅಂದಳು.

ರೊಟ್ಟಿ ಪೂರ್ತಿ ಉಂಡಳು. ನಾನು ಬಯಸಿದ್ದೂ ಅದನ್ನೇ. ಆದರೂ ಬರಿದಾದ ತಾಟನ್ನೇ ನೋಡುತ್ತ ಕೂತೆ. ನಾನು ಗುಣವಾಗುತ್ತೇನೆ ಎಂದು ನಂಬಿದ್ದವಳು ಈ ಭೂಮಿಯ ಮೇಲೆ ಆಕೆಯೊಬ್ಬಳೇ. ಈಗ ಯಾರೂ ಇಲ್ಲ.